ತುಕ್ಕಿನ ಪ್ರಯೋಗ: ಎಲ್ಲ ಮೊಳೆಯೂ ಕಂದಾದ ಮೇಲೆ ಅಳೆಯುವುದು ಏನನ್ನು?

ಎಂಟನೇ ಕ್ಲಾಸಿನ ಮಿಸ್

ಎಲ್ಲರಿಗೂ ನಮಸ್ಕಾರ. ನಾನು ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ತುಕ್ಕಿನ ಪಾಠ ಶುರುವಾಗಿದೆ. ಮೂರು ಟೆಸ್ಟ್ ಟ್ಯೂಬ್‌ಗಳ ಹಳೇ ಪ್ರಯೋಗ ನಿಮಗೆಲ್ಲ ಗೊತ್ತಿರುತ್ತದೆ. ಒಂದರಲ್ಲಿ ಮೊಳೆ ಮತ್ತು ನೀರು. ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆ. ಮೂರನೆಯದರಲ್ಲಿ ತೇವ ಹೀರಲು ಕ್ಯಾಲ್ಸಿಯಂ ಕ್ಲೋರೈಡ್. ತುಕ್ಕಿಗೆ ನೀರೂ ಗಾಳಿಯೂ ಬೇಕು ಎಂಬ ಉತ್ತರ ಮುಂದಿನ ಪುಟದಲ್ಲೇ ಅಚ್ಚಾಗಿದೆ. ಹಾಗಾಗಿ ಮಕ್ಕಳು ಟ್ಯೂಬ್ ನೋಡುವ ಮೊದಲೇ ವರದಿ ಬರೆದು ಮುಗಿಸಿರುತ್ತಾರೆ.

ಈ ಸಲ ಪ್ರಯೋಗವನ್ನು ಅವರೇ ರೂಪಿಸಲಿ ಅಂತ ಬಿಟ್ಟೆ. "ಯಾವ ದ್ರವದಲ್ಲಿ ಮೊಳೆಗೆ ಬೇಗ ತುಕ್ಕು ಹಿಡಿಯುತ್ತದೆ?" ಎಂಬ ಪ್ರಶ್ನೆ ಆರಿಸಿಕೊಂಡರು. ಬರೀ ನೀರು, ಉಪ್ಪು ನೀರು, ವಿನೆಗರ್, ವಾಷಿಂಗ್ ಸೋಡಾ ನೀರು, ಜೊತೆಗೆ ಎಣ್ಣೆ ಹಾಕಿದ ಆ ಹಳೇ ಟ್ಯೂಬ್. ವಾರ ಕಳೆದ ಮೇಲೆ ನೋಡಿದರೆ ಫಲಿತಾಂಶ ಹೀಗಿದೆ. ಬರೀ ನೀರಿನದೂ ಕಂದು, ಉಪ್ಪು ನೀರಿನದೂ ಕಂದು. ಯಾವುದು ಜಾಸ್ತಿ ಅಂತ ಜಗಳ. ವಿನೆಗರ್‌ನಲ್ಲಿದ್ದ ಮೊಳೆ ಫಳಫಳ ಅನ್ನುತ್ತಿದೆ. ಸೋಡಾದಲ್ಲಿದ್ದದ್ದೂ ಹಾಗೇ ಇದೆ. ಎಣ್ಣೆ ಹಾಕಿದ ಟ್ಯೂಬಿನಲ್ಲಿ ತುಕ್ಕು ಬರಬಾರದಿತ್ತು, ಸ್ವಲ್ಪ ಬಂದಿದೆ. ಒಂದು ಗುಂಪಿನ ಮೊಳೆಗಳಿಗಂತೂ ಯಾವ ನೀರಿನಲ್ಲೂ ಏನೂ ಆಗಿಲ್ಲ.

"ವಿನೆಗರ್ ಕಬ್ಬಿಣವನ್ನು ಕಾಪಾಡುತ್ತದೆ" ಅಂತ ತರಗತಿಯೇ ತೀರ್ಪು ಕೊಟ್ಟಿತು. ಹಿಂದಿನ ಬೆಂಚಿನ ಹುಡುಗಿ ಎದ್ದು, "ಹಾಗಾದರೆ ಸೇತುವೆಗೆಲ್ಲ ವಿನೆಗರ್ ಬಳಿಯಬಹುದಲ್ವಾ ಮಿಸ್?" ಅಂದಳು. ನಗು ಬಂತು. ಆದರೆ ಅವಳು ಕಂಡದ್ದನ್ನೇ ತಾನೇ ಹೇಳಿದ್ದು?

ಎಂಟು ಗುಂಪುಗಳಿವೆ. ಇನ್ನೂ ಮೂರು ವಾರ ಸಮಯವಿದೆ. ತೂಕದ ಯಂತ್ರ 1 ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. ಟೆಸ್ಟ್ ಟ್ಯೂಬ್, ಬೀಕರ್, ಥರ್ಮಾಮೀಟರ್ ಸಾಕಷ್ಟಿವೆ. ಮಕ್ಕಳು ನಿಜವಾಗಿ ಅಳೆದು ವಾದ ಮಾಡುವಂಥ ಪ್ರಯೋಗ ಬೇಕು. ಕೆಲವರು ಬಟ್ಟೆಯ ಬ್ಲೀಚನ್ನೂ ಸೇರಿಸೋಣ ಅನ್ನುತ್ತಿದ್ದಾರೆ, ಬಿಡಬಹುದಾ?

---

ಉಪ್ಪುಮಂಜು

ಮೇಡಂ, ಮೊದಲು ಬ್ಲೀಚ್ ವಿಷಯ ಮುಗಿಸಿಬಿಡುತ್ತೇನೆ. ಬೇಡವೇ ಬೇಡ. ಪಕ್ಕದಲ್ಲೇ ವಿನೆಗರ್ ಇದೆ. ಎರಡೂ ಒಂದೇ ಬೀಕರ್‌ಗೆ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಎಂಟು ಗುಂಪುಗಳಿರುವ ಕೋಣೆಯಲ್ಲಿ ಯಾರಾದರೂ ಒಬ್ಬರು ಬೆರೆಸಿಯೇ ಬೆರೆಸುತ್ತಾರೆ.

ನನ್ನ ಹೆಸರು ನೋಡಿ ನಗಬೇಡಿ. ಬಣ್ಣ ತಯಾರಿಸುವ ಕಡೆ ಪರೀಕ್ಷಾ ವಿಭಾಗದಲ್ಲಿ ಬಹಳ ವರ್ಷ ಇದ್ದೆ. ಬಣ್ಣ ಬಳಿದ ಉಕ್ಕಿನ ತಗಡುಗಳನ್ನು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ನಿಲ್ಲಿಸಿ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 5ರ ಉಪ್ಪು ನೀರನ್ನು ಮಂಜಿನಂತೆ ಸಿಂಪಡಿಸುತ್ತಾ ಇರುವುದು. ಎ.ಎಸ್.ಟಿ.ಎಂ. ಬಿ117 ಅಂತ ಅದಕ್ಕೊಂದು ನಿಯಮಾವಳಿ ಇದೆ, 1939ರಿಂದ ಇದೆ. ಅಂದರೆ ನನ್ನ ಸಂಬಳವೇ ತುಕ್ಕು ಕಾಯುವುದಕ್ಕೆ. ಅಲ್ಲಿ ನಾವು ಕೇಳುತ್ತಿದ್ದ ಪ್ರಶ್ನೆ "ತುಕ್ಕು ಹಿಡಿಯಿತಾ?" ಅಂತ ಅಲ್ಲ. ಕಾಯುತ್ತಾ ಕೂತರೆ ಎಲ್ಲಕ್ಕೂ ಹಿಡಿಯುತ್ತದೆ. "ಯಾವ ಹೊತ್ತಿಗೆ ಎಷ್ಟು ಹಿಡಿದಿತ್ತು?" ಎಂಬುದೇ ಪ್ರಶ್ನೆ.

ನಿಮ್ಮ ಉಪ್ಪು ನೀರಿನ ಜಗಳ ಇಲ್ಲೇ ಇದೆ. ಮೊಳೆಯ ಮೈಯೆಲ್ಲ ಒಮ್ಮೆ ಕಂದಾದ ಮೇಲೆ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಒಳಗೆ ಎಷ್ಟು ಕಬ್ಬಿಣ ಹೋಗಿದೆ ಅಂತ ಬಣ್ಣ ಹೇಳುವುದಿಲ್ಲ. ವಾರ ಬಿಟ್ಟು ನೋಡಿದರೆ ಓಟದ ಸ್ಪರ್ಧೆಗೆ ಬಹುಮಾನ ಹಂಚುವ ಹೊತ್ತಿಗೆ ಹೋದ ಹಾಗೆ. ಎಲ್ಲರೂ ಗೆರೆ ದಾಟಿ ಸುಮ್ನೆ ನಿಂತಿರುತ್ತಾರೆ.

ಈಗ ವಿನೆಗರ್. ಅದು ಕಾಪಾಡಲಿಲ್ಲ, ತಿಂದಿತು. ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ, ಜೊತೆಗೆ ಹೈಡ್ರೋಜನ್ ಗುಳ್ಳೆ ಬರುತ್ತದೆ. ಕರಗಿದ ಕಬ್ಬಿಣ ದ್ರವದಲ್ಲೇ ಉಳಿಯುವುದರಿಂದ ಮೊಳೆಯ ಮೇಲೆ ಕಂದು ಪದರ ಕೂರುವುದಿಲ್ಲ. ಇದನ್ನು ನೀವು ಬಾಯಲ್ಲಿ ಹೇಳಬೇಡಿ, ತೋರಿಸಿ. ಮೊಳೆ ತೆಗೆದ ಆ ವಿನೆಗರ್ ಸ್ವಲ್ಪ ಬೇರೆ ಬೀಕರ್‌ಗೆ ಹಾಕಿ. ವಾಷಿಂಗ್ ಸೋಡಾ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ನೊರೆ ಉಕ್ಕುತ್ತದೆ, ಹಾಗಾಗಿ ದೊಡ್ಡ ಬೀಕರ್ ಇರಲಿ. ನೊರೆ ನಿಂತ ಮೇಲೂ ಸೋಡಾ ಹಾಕುತ್ತಾ ಹೋದರೆ ಕೊಳಕು ಹಸಿರು ಬಣ್ಣದ ಗಸಿ ಕೂರುತ್ತದೆ. ಅದನ್ನು ಗಾಳಿಗೆ ಬಿಟ್ಟರೆ ಮೇಲಿನಿಂದ ಕಂದಾಗುತ್ತಾ ಬರುತ್ತದೆ. ಮೊಳೆಯಿಂದ ಕಾಣೆಯಾದ ಕಬ್ಬಿಣ ಅದೇ. ಸೇತುವೆಯ ಹುಡುಗಿಯ ಕೈಯಲ್ಲೇ ಇದನ್ನು ಮಾಡಿಸಿ.

ಸೋಡಾದ ಕಥೆ ಪೂರ್ತಿ ಬೇರೆ. ಅಲ್ಲಿ ಮೊಳೆ ನಿಜವಾಗಿಯೂ ಉಳಿದಿದೆ. ಕ್ಷಾರ ಜಾಸ್ತಿ ಇರುವ ನೀರಿನಲ್ಲಿ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆಕ್ಸೈಡ್ ಪೊರೆ ಬಿಗಿಯಾಗಿ ಕೂರುತ್ತದೆ. ಕಾಂಕ್ರೀಟಿನೊಳಗಿನ ಕಂಬಿ ಬಾಳುವುದೂ ಇದರಿಂದಲೇ. ಹೊಸ ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರಿನ ಪಿ.ಎಚ್. 12.5ಕ್ಕೂ ಮೇಲಿರುತ್ತದೆ. ಉಪ್ಪು ಸಾಕಷ್ಟು ಒಳಗೆ ಹೊಕ್ಕರೆ ಪೊರೆ ಅಲ್ಲಲ್ಲಿ ಒಡೆಯುತ್ತದೆ, ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ. ಒಂದು ಗುಂಪಿಗೆ ಇದನ್ನೇ ಕೊಡಬಹುದು. ಸೋಡಾ ನೀರು ಅಷ್ಟೇ ಇಟ್ಟು, ಉಪ್ಪು ಮಾತ್ರ ಹೆಚ್ಚಿಸುತ್ತಾ ಹೋಗಲಿ.

ಫಳಫಳ ಅನ್ನುವ ಎರಡು ಮೊಳೆ. ಒಂದು ಸವೆದಿದೆ, ಇನ್ನೊಂದು ಉಳಿದಿದೆ. ಇಷ್ಟೇ ಹಿಡಿದು ಒಂದು ಇಡೀ ತರಗತಿ ನಡೆಸಬಹುದು ಮೇಡಂ.

ಎಣ್ಣೆಯ ಟ್ಯೂಬ್: ಎಣ್ಣೆ ಆಮ್ಲಜನಕಕ್ಕೆ ಗೋಡೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಆಮ್ಲಜನಕ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಕರಗುತ್ತದೆ. ಎಣ್ಣೆ ತಡ ಮಾಡುತ್ತದೆ, ಅಷ್ಟೇ. ಜೊತೆಗೆ ಆರಿಸಿದ ನೀರನ್ನು ಎತ್ತರದಿಂದ ಸುರಿದರೆ ಗಾಳಿ ಮತ್ತೆ ಸೇರುತ್ತದೆ. ಎಣ್ಣೆ ಬಿಟ್ಟುಬಿಡಿ. ಕುದಿಸಿದ ನೀರನ್ನು ಮುಚ್ಚಿ ಆರಿಸಿ, ಪ್ಲಾಸ್ಟಿಕ್ ಮುಚ್ಚಳದ ಬಾಟಲಿಗೆ ಬದಿಯಿಂದ ಮೆಲ್ಲಗೆ ಇಳಿಸಿ, ಮೊಳೆ ಹಾಕಿ, ಬಾಯಿ ತನಕ ತುಂಬಿ ಒಂದು ಗುಳ್ಳೆಯೂ ಇಲ್ಲದಂತೆ ಮುಚ್ಚಿ. ಕುದಿಸದ ನೀರೇ ಇದ್ದರೂ 25 ಡಿಗ್ರಿಯಲ್ಲಿ ಒಂದು ಲೀಟರ್‌ನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. 200 ಮಿ.ಲೀ. ಬಾಟಲಿಯಲ್ಲಿ 1.6 ಮಿಲಿಗ್ರಾಂ. ಅಷ್ಟು ಆಮ್ಲಜನಕ 4 ಮಿಲಿಗ್ರಾಂ ಕಬ್ಬಿಣವನ್ನೂ ಪೂರ್ತಿ ತುಕ್ಕು ಮಾಡಲಾರದು. ಬಾಟಲಿ ಮುಚ್ಚಿದ್ದರೆ ತುಕ್ಕು ತಾನಾಗೇ ನಿಲ್ಲುತ್ತದೆ.

ಏನೂ ಆಗದ ಮೊಳೆಗಳು ಬಹುಶಃ ಸತುವಿನ ಲೇಪ ಇರುವ ಜಿ.ಐ. ಮೊಳೆಗಳು. ಮ್ಯಾಗ್ನೆಟ್ ಹಿಡಿದು ಪ್ರಯೋಜನವಿಲ್ಲ, ಒಳಗೆ ಕಬ್ಬಿಣವೇ ಇದೆಯಲ್ಲ. ಮುಂದಕ್ಕೆ ಒಂದೇ ಪೊಟ್ಟಣದ, ಲೇಪ ಇಲ್ಲದ ಮೊಳೆಗಳನ್ನೇ ತಗೊಳ್ಳಿ. ಸೋಪಿನಿಂದ ಎಣ್ಣೆ ತೊಳೆದು, ಎಮರಿ ಪೇಪರ್‌ನಲ್ಲಿ ಉಜ್ಜಿ, ಕೂಡಲೇ ಒರೆಸಿ. ಆಮೇಲೆ ಬೆರಳಿನಿಂದ ಮುಟ್ಟಬಾರದು. ಬೆವರಿನಲ್ಲೂ ಉಪ್ಪಿದೆ. ಒಂದೆರಡು ದಿನ ಬಿಟ್ಟು ನೋಡಿದರೆ ತಗಡಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಕಾಣುತ್ತದೆ. ನಮ್ಮಲ್ಲಿ ಕೈಗವಸು ಹಾಕದವನನ್ನು ಹೀಗೇ ಹಿಡಿಯುತ್ತಿದ್ದೆವು.

ಅಳತೆಗೆ ಬರೋಣ. ನನ್ನ ಸಲಹೆ ಕೇಳಿದರೆ ಮೊಳೆಯನ್ನೇ ಬಿಟ್ಟು ಸ್ಟೀಲ್ ವುಲ್ (ಕೂದಲಿನಂಥ ಉಕ್ಕಿನ ಎಳೆಗಳ ಉಂಡೆ) ಹಿಡಿಯಿರಿ. ಎಳೆಗಳು ಸಣ್ಣ, ಮೈ ವಿಸ್ತಾರ ಜಾಸ್ತಿ, ವಾರದ ಕೆಲಸ ಗಂಟೆಗಳಲ್ಲಿ ಆಗುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸುರುಳಿ ಬೇಡ, ಅದರಲ್ಲಿ ಕ್ರೋಮಿಯಂ ಇರುತ್ತದೆ. ಸೋಪು ತುಂಬಿದ್ದೂ ಬೇಡ. 10 ಗ್ರಾಂ ತೂಗಿ, ಉದ್ದಕ್ಕೆ ಬಿಡಿಸಿ 20 ಸಮ ತುಂಡು ಮಾಡಿದರೆ ಒಂದೊಂದೂ ಅರ್ಧ ಗ್ರಾಂ ಹತ್ತಿರ ಇರುತ್ತದೆ. ನಿಮ್ಮ ಯಂತ್ರ ಅಷ್ಟಕ್ಕೆ ಸಾಕು. ತುಂಡನ್ನು ಒಂದು ನಿಮಿಷ ವಿನೆಗರ್‌ನಲ್ಲಿ ಅದ್ದಿ, ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಆಮೇಲೆ ಪರೀಕ್ಷೆಯ ದ್ರವದಲ್ಲಿ ಅದ್ದಿ, ಹಿಂಡಿ, ಟೆಸ್ಟ್ ಟ್ಯೂಬಿನ ತಳಕ್ಕೆ ತಳ್ಳಿ. ಟ್ಯೂಬನ್ನು ನೀರಿರುವ ಬೀಕರ್‌ನಲ್ಲಿ ತಲೆಕೆಳಗಾಗಿ ನಿಲ್ಲಿಸಿ.

ತುಕ್ಕು ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಆ ಜಾಗಕ್ಕೆ ನೀರು ಏರುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 21. ಹಾಗಾಗಿ 15 ಸೆಂ.ಮೀ. ಟ್ಯೂಬಿನಲ್ಲಿ ನೀರು ಸುಮಾರು 3 ಸೆಂ.ಮೀ. ಏರಿ ನಿಲ್ಲಬೇಕು. ಈಗ ಲೆಕ್ಕ ನೋಡಿ. ಟ್ಯೂಬಿನಲ್ಲಿ 30 ಮಿ.ಲೀ. ಗಾಳಿ ಇದ್ದರೆ ಆಮ್ಲಜನಕ 6 ಮಿ.ಲೀ. ಚಿಲ್ಲರೆ, ಅಂದರೆ ಸುಮಾರು 8 ಮಿಲಿಗ್ರಾಂ. ಅದು ತಿನ್ನುವ ಕಬ್ಬಿಣ ಸುಮಾರು 20 ಮಿಲಿಗ್ರಾಂ. ನಿಮ್ಮ ತೂಕದ ಯಂತ್ರಕ್ಕೆ ಈ 8 ಮಿಲಿಗ್ರಾಂ ಇದ್ದದ್ದೂ ಗೊತ್ತಾಗುವುದಿಲ್ಲ. ಸ್ಕೇಲ್ ಹಿಡಿದ ಹುಡುಗನಿಗೆ ಅದೇ 3 ಸೆಂ.ಮೀ. ಆಗಿ ಕಾಣುತ್ತದೆ.

ಒಂದು ಎಚ್ಚರಿಕೆ. ವಿನೆಗರ್ ಸರಿಯಾಗಿ ಜಾಲಿಸದಿದ್ದರೆ ಹೈಡ್ರೋಜನ್ ಬಂದು ನೀರನ್ನು ಕೆಳಗೆ ದಬ್ಬುತ್ತದೆ. ಮಕ್ಕಳು ಗಾಬರಿಯಾಗುತ್ತಾರೆ.

---

ರಸಾಯನದ ಮೇಷ್ಟ್ರು

ಉಪ್ಪುಮಂಜು ಸರ್ ಹೇಳಿದ್ದು ಅಳತೆಗೆ ಸರಿ. ಆದರೆ ತುಕ್ಕು ಹಿಡಿಯುವುದು ಒಂದು ಕಡೆ, ಆಮ್ಲಜನಕ ಖರ್ಚಾಗುವುದು ಇನ್ನೊಂದು ಕಡೆ ಎಂಬುದು ಅದರಲ್ಲಿ ಕಾಣುವುದಿಲ್ಲ. ನನಗೆ ಈ ಪಾಠದಲ್ಲಿ ಅದೇ ಮುಖ್ಯ. ಅದಕ್ಕೆ ಅಗರ್ ಜೆಲ್ ಮಾಡಿ.

100 ಮಿ.ಲೀ. ನೀರಿಗೆ ಸುಮಾರು 2 ಗ್ರಾಂ ಅಗರ್ (ಕಡಲ ಪಾಚಿಯಿಂದ ತೆಗೆದ, ಆರಿದರೆ ಗಟ್ಟಿಯಾಗುವ ಪುಡಿ) ಹಾಕಿ ಕುದಿಸಿ ಕರಗಿಸಿ. 2–3 ಗ್ರಾಂ ಉಪ್ಪು ಸೇರಿಸಿ. ಸ್ವಲ್ಪ ಆರಿದ ಮೇಲೆ ಕೆಲವು ಹನಿ ಫಿನಾಲ್ಫ್ತಲೀನ್ (ಕ್ಷಾರ ಸೋಕಿದರೆ ಗುಲಾಬಿಯಾಗುತ್ತದೆ), ಜೊತೆಗೆ ಒಂದು ಮಿ.ಲೀ. ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣ (ಕರಗಿದ ಕಬ್ಬಿಣ ಸೋಕಿದರೆ ನೀಲಿಯಾಗುತ್ತದೆ) ಬೆರೆಸಿ. ತಟ್ಟೆಯಲ್ಲಿ ಉಜ್ಜಿದ ಮೊಳೆ ಇಟ್ಟು ಮುಳುಗುವಷ್ಟು ಸುರಿದು ಗಟ್ಟಿಯಾಗಲು ಬಿಡಿ. ಮರುದಿನ ನೋಡಿದರೆ ಮೊಳೆಯ ತಲೆ ಮತ್ತು ಮೊನೆಯ ಹತ್ತಿರ ನೀಲಿ, ನಡುಭಾಗದಲ್ಲಿ ಗುಲಾಬಿ. ನೀಲಿ ಇರುವಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ಕರಗುತ್ತಿದೆ. ಗುಲಾಬಿ ಇರುವಲ್ಲಿ ಆ ಎಲೆಕ್ಟ್ರಾನುಗಳನ್ನು ಪಡೆದು ಆಮ್ಲಜನಕ ಮತ್ತು ನೀರು ಸೇರಿ ಕ್ಷಾರವಾಗುತ್ತಿದೆ. ತಲೆ, ಮೊನೆಗಳೇ ಯಾಕೆ ಅಂದರೆ ಕಾರ್ಖಾನೆಯಲ್ಲಿ ಅಲ್ಲೇ ಜಜ್ಜಿ ಕತ್ತರಿಸಿರುತ್ತಾರೆ. ಮೊಳೆಯನ್ನು ಬಗ್ಗಿಸಿ ಇಟ್ಟರೆ ಬಗ್ಗಿದ ಕಡೆಯೂ ನೀಲಿ ಬರುತ್ತದೆ.

ಇನ್ನೊಂದು ಮೊಳೆಗೆ ತಾಮ್ರದ ತಂತಿ ಸುತ್ತಿ. ತಾಮ್ರದ ಸುತ್ತ ಗುಲಾಬಿ, ಬರೀ ಕಬ್ಬಿಣ ಇರುವ ಕಡೆ ದಟ್ಟ ನೀಲಿ. ಮತ್ತೊಂದಕ್ಕೆ ಸತುವಿನ ಪಟ್ಟಿ ಬಿಗಿಯಾಗಿ ಸುತ್ತಿದರೆ ಮೊಳೆಯ ಮೇಲೆ ನೀಲಿ ಬರುವುದಿಲ್ಲ. ಸತುವೇ ಕರಗುತ್ತದೆ.

ಫೆರಿಸಯನೈಡ್ ಹೆಸರಿಗೆ ಹೆದರುವುದು ಬೇಡ, ಆದರೆ ಅದಕ್ಕೆ ಬಲವಾದ ಆಮ್ಲ ಸೋಕಬಾರದು, ಪುಡಿಯನ್ನು ಕಾಯಿಸಬಾರದು. ವಿಷಾನಿಲ ಬರುತ್ತದೆ. ದ್ರಾವಣ ನೀವೇ ಮಾಡಿ ನೀವೇ ಹಾಕಿ. ಆ ದಿನ ಮೇಜಿನ ಮೇಲೆ ವಿನೆಗರ್ ಸಹ ಇಡಬೇಡಿ.

ತಾಮ್ರದ ವಿಷಯಕ್ಕೆ ಒಂದು ಹಳೇ ಕಥೆ ಇದೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಹುಳು ಮರವನ್ನು ತಿನ್ನದಿರಲಿ ಅಂತ. 1763ರಲ್ಲಿ ಬಿಚ್ಚಿ ನೋಡಿದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತು ಹೋಗಿದ್ದವು. ಆದರೆ ತಗಡು ಸುತ್ತಿ ತಂದಿದ್ದ ಕಂದು ಕಾಗದ ಕೆಲವು ಕಡೆ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದುಬಿಟ್ಟಿತ್ತು. ಅಲ್ಲಿನ ಮೊಳೆಗಳು ಗಟ್ಟಿಯಾಗಿದ್ದವು. ಯಾರೂ ಬೇಕೆಂದು ಮಾಡದ ಹೋಲಿಕೆಯ ಪ್ರಯೋಗ ಅದು. ಮಕ್ಕಳಿಗೆ ಕಥೆಯ ಅರ್ಧ ಮಾತ್ರ ಹೇಳಿ, ಕಾಗದ ಇದ್ದ ಕಡೆ ಏನಾಗಿರಬಹುದು ಅಂತ ಕೇಳಿ. ಆಮೇಲೆ ಜೆಲ್‌ನಲ್ಲೇ ತಂತಿ ಮತ್ತು ಮೊಳೆಯ ನಡುವೆ ಪ್ಲಾಸ್ಟಿಕ್ ಟೇಪ್ ಸುತ್ತಿ ನೋಡಬಹುದು.

---

ಅಳತೆಗೋಲು

ಇಬ್ಬರೂ ಪ್ರಯೋಗ ಹೇಳಿದಿರಿ, ಹಂಚಿಕೆ ಹೇಳಲಿಲ್ಲ. ಎಂಟು ಗುಂಪುಗಳಿಗೆ ಒಂದೊಂದು ದ್ರವ ಹಂಚಿದರೆ ಎಲ್ಲ ಹಾಳು. ಒಂದು ಗುಂಪು ವುಲ್ಲನ್ನು ಬಿಗಿಯಾಗಿ ಹಿಂಡುತ್ತದೆ, ಇನ್ನೊಂದು ಹಾಗೇ ತುರುಕುತ್ತದೆ. ಕೊನೆಗೆ ಕಂಡ ವ್ಯತ್ಯಾಸ ಉಪ್ಪಿನದ್ದಾ, ಕೈಯದ್ದಾ? ಪ್ರತಿ ಗುಂಪೂ ಎಲ್ಲ ದ್ರವಗಳನ್ನೂ ಮಾಡಲಿ. ಆಗ ಒಂದೊಂದು ದ್ರವಕ್ಕೂ ಎಂಟು ಅಳತೆ ಸಿಗುತ್ತದೆ.

ಟ್ಯೂಬ್‌ಗಳ ಮೇಲೆ ಕ, ಖ, ಗ ಅಂತ ಮಾತ್ರ ಬರೆಯಿರಿ. ಅಳತೆ ಓದುವವರಿಗೆ ಯಾವುದರಲ್ಲಿ ಎಷ್ಟು ಉಪ್ಪು ಅಂತ ಗೊತ್ತಿರಬಾರದು. ಗೊತ್ತಿದ್ದರೆ ಒಂದು ಮಿಲಿಮೀಟರ್ ತಾನಾಗೇ ಆ ಕಡೆ ವಾಲುತ್ತದೆ.

ಇನ್ನು ಸ್ಟೀಲ್ ವುಲ್ ಇಲ್ಲದ ಒಂದು ಟ್ಯೂಬ್ ಕೂಡ ಇರಲೇಬೇಕು. ಒದ್ದೆ ಹತ್ತಿ ಹಾಕಿ. ಕೋಣೆ 3 ಡಿಗ್ರಿ ಬಿಸಿಯಾದರೆ ಒಳಗಿನ ಗಾಳಿ ಸುಮಾರು ಶೇ. 1 ಹಿಗ್ಗುತ್ತದೆ. 15 ಸೆಂ.ಮೀ. ಟ್ಯೂಬಿನಲ್ಲಿ ಅದು ಒಂದೂವರೆ ಮಿ.ಮೀ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಳತೆ ತೆಗೆದರೆ ಬಿಸಿಲನ್ನೂ ತುಕ್ಕಿನ ಲೆಕ್ಕಕ್ಕೆ ಸೇರಿಸಿಬಿಡುತ್ತೀರಿ.

ಅಂದಹಾಗೆ ಮೊಳೆಯಲ್ಲೇ ಮಾಡುವವರಿಗೆ: ಕಣ್ಣಳತೆಯೂ ಪರವಾಗಿಲ್ಲ, ಅದನ್ನು ಅಂಕಿಯಾಗಿ ಮಾಡಿದರೆ.

---

ಉಪ್ಪುಮಂಜು

ಅಳತೆಗೋಲು ಅವರ ಮಾತಿಗೆ ನನ್ನ ಕೈ ಮೇಲೆ. ಕಣ್ಣಳತೆಗೆ ನಮ್ಮಲ್ಲೂ ಶ್ರೇಣಿ ಇತ್ತು. ಎ.ಎಸ್.ಟಿ.ಎಂ. ಡಿ610ರಲ್ಲಿ 10 ಅಂದರೆ ತುಕ್ಕು ಇಲ್ಲವೇ ಇಲ್ಲ ಅನ್ನುವಷ್ಟು, 0 ಅಂದರೆ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಹಿಡಿದಿದೆ. ಪಾರದರ್ಶಕ ಹಾಳೆಯ ಮೇಲೆ ಚೌಕ ಗೆರೆ ಎಳೆದು ಮೇಲಿಟ್ಟು ಕಂದಾದ ಮನೆಗಳನ್ನು ಎಣಿಸಿದರೆ ಸಾಕು. ಗುಂಡಗಿನ ಮೊಳೆಗಿಂತ ಚಪ್ಪಟೆ ಉಕ್ಕಿನ ಪಟ್ಟಿ ಇದಕ್ಕೆ ಒಳ್ಳೆಯದು. ಅಂಚು ಉಜ್ಜಿ ಕೊಡಿ, ಕೈ ಕೊಯ್ಯುತ್ತದೆ.

ಮೇಷ್ಟ್ರೇ, ಜೆಲ್ ಚೆಂದ. ಆದರೆ ಅದು ತೋರಿಸುವ ಪ್ರಯೋಗ, ಅಳೆಯುವ ಪ್ರಯೋಗ ಅಲ್ಲ. ಒಂದು ತಟ್ಟೆ ಮೇಡಂ ಮೇಜಿನ ಮೇಲಿರಲಿ ಅನ್ನುತ್ತೇನೆ.

---

ಎಂಟನೇ ಕ್ಲಾಸಿನ ಮಿಸ್

ಎಲ್ಲರಿಗೂ ಧನ್ಯವಾದ. ವಿನೆಗರ್‌ಗೆ ಸೋಡಾ ಸುರಿದೆವು. ನೊರೆ ಮೇಜೆಲ್ಲ ಹರಡಿತು, ಆದರೆ ಹಸಿರು ಗಸಿ ಬಂತು. ಪೀರಿಯಡ್ ಮುಗಿಯುವ ಹೊತ್ತಿಗೆ ಮೇಲ್ಭಾಗ ಕಂದಾಗತೊಡಗಿತ್ತು. ಸೇತುವೆಯ ಹುಡುಗಿ ಸುಮ್ಮನಾಗಲಿಲ್ಲ. "ಹಾಗಾದರೆ ಸೇತುವೆಗೆ ಸೋಡಾ ಬಳಿಯಬಹುದಾ?" ಅಂತ ಕೇಳಿದ್ದಾಳೆ. ಮಳೆ ಬಂದರೆ ಏನಾಗುತ್ತದೆ ಅಂತ ಯೋಚಿಸಿಕೊಂಡು ಬಾ ಅಂದಿದ್ದೇನೆ.

ತರಗತಿ ಈಗ ಒಂದೇ ಪ್ರಶ್ನೆಗೆ ಒಪ್ಪಿದೆ: ಉಪ್ಪು ಜಾಸ್ತಿಯಾದಷ್ಟೂ ತುಕ್ಕು ವೇಗವಾಗುತ್ತದಾ? ಎಲ್ಲರ ಊಹೆಯೂ "ಹೌದು". ನಾಲ್ಕು ಹಂತ ಅಂದುಕೊಂಡಿದ್ದೇವೆ. 100 ಮಿ.ಲೀ. ನೀರಿಗೆ 0, 1, 3.5 ಮತ್ತು 20 ಗ್ರಾಂ. ಜೊತೆಗೆ ಹತ್ತಿಯ ಟ್ಯೂಬ್. ಪ್ರತಿ ಗುಂಪಿಗೂ ಐದೂ ಟ್ಯೂಬ್.

ಮೂರು ಸಂದೇಹಗಳಿವೆ. ಹಂತಗಳು ಸರಿ ಇವೆಯಾ? ಎಷ್ಟು ಹೊತ್ತಿಗೊಮ್ಮೆ ಅಳೆಯುವುದು? ಎರಡು ಗುಂಪು ಬಿಸಿ ನೀರಿನಲ್ಲಿ ಮಾಡುತ್ತೇವೆ ಅಂತ ಹಟ ಹಿಡಿದಿವೆ, ಏನು ಹೇಳಲಿ?

---

ಉಪ್ಪುಮಂಜು

20 ಗ್ರಾಂ ಇಟ್ಟದ್ದು ಬಹಳ ಒಳ್ಳೆಯದಾಯಿತು, ತೆಗೆಯಬೇಡಿ. 3.5 ಹೆಚ್ಚುಕಡಿಮೆ ಸಮುದ್ರದ ನೀರು. ಉಕ್ಕನ್ನು ಪೂರ್ತಿ ಮುಳುಗಿಸಿ ತೆರೆದ ಪಾತ್ರೆಯಲ್ಲಿ ಅಳೆದಾಗ ತುಕ್ಕಿನ ವೇಗ ಶೇ. 3ರ ಆಸುಪಾಸಿನಲ್ಲೇ ತುದಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಉಪ್ಪು ಹೆಚ್ಚಿಸಿದರೆ ವೇಗ ಇಳಿಯುತ್ತದೆ. ಉಪ್ಪು ಸ್ವತಃ ಖರ್ಚಾಗುವುದಿಲ್ಲ. ಅದು ನೀರಿನಲ್ಲಿ ವಿದ್ಯುತ್ ಹರಿಯಲು ದಾರಿ ಮಾಡುತ್ತದೆ, ಕಬ್ಬಿಣದ ಪೊರೆಯನ್ನೂ ಕೆಡಿಸುತ್ತದೆ. ಆದರೆ ಉಪ್ಪು ಜಾಸ್ತಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಸಮುದ್ರದ ನೀರಿನಲ್ಲೇ ಬರೀ ನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಇರುತ್ತದೆ. ಒಂದು ಕಡೆ ದಾರಿ ಸಲೀಸಾಗುತ್ತದೆ, ಇನ್ನೊಂದು ಕಡೆ ಸರಕು ಕಡಿಮೆಯಾಗುತ್ತದೆ.

ನಿಮ್ಮ ಟ್ಯೂಬಿನಲ್ಲಿ ವುಲ್ಲಿನ ಮೇಲಿರುವುದು ತೆಳ್ಳಗಿನ ನೀರಿನ ಪದರ. ಗಾಳಿ ಪಕ್ಕದಲ್ಲೇ ಇದೆ, ಆಮ್ಲಜನಕ ದೂರ ಬರಬೇಕಿಲ್ಲ. ಹಾಗಾಗಿ ತುದಿ ಬೇರೆ ಕಡೆ ಬೀಳಬಹುದು. ಅದಕ್ಕೇ ಈ ಪ್ರಶ್ನೆ ಚೆನ್ನಾಗಿದೆ. ಉತ್ತರ ಅವರ ಪುಸ್ತಕದಲ್ಲಿಲ್ಲ, ನನ್ನ ಹತ್ತಿರವೂ ತಯಾರಿಲ್ಲ. ನಾನು ಮೇಲೆ ಹೇಳಿದ್ದನ್ನು ಅಳತೆ ಮುಗಿಯುವ ತನಕ ಅವರಿಗೆ ಹೇಳಬೇಡಿ. ಸಾಧ್ಯವಾದರೆ 3.5 ಮತ್ತು 20ರ ನಡುವೆ 10 ಗ್ರಾಮಿನ ಒಂದು ಹಂತ ಸೇರಿಸಿ. ರೇಖೆ ಬಾಗಿದರೆ ಎಲ್ಲಿ ಬಾಗಿತು ಅಂತ ತಿಳಿಯಲು ಅಲ್ಲಿ ಒಂದು ಬಿಂದು ಬೇಕು.

ಎಷ್ಟು ಹೊತ್ತಿಗೊಮ್ಮೆ? ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ. ತುಕ್ಕಿನ ಓಟ ಇರುವುದೇ ಆಗ. ಮರುದಿನ ಬೆಳಿಗ್ಗೆ ಮಾತ್ರ ನೋಡಿದರೆ ಎಲ್ಲ ಟ್ಯೂಬ್‌ಗಳಲ್ಲೂ ನೀರು ಹೆಚ್ಚುಕಡಿಮೆ ಅದೇ 3 ಸೆಂ.ಮೀ.ಗೆ ಬಂದು ನಿಂತಿರಬಹುದು. ಆಮ್ಲಜನಕ ಮುಗಿದ ಮೇಲೆ ಉಪ್ಪು ಎಷ್ಟಿದ್ದರೇನು? ಆಗ ಮಕ್ಕಳು "ಉಪ್ಪಿಗೂ ತುಕ್ಕಿಗೂ ಸಂಬಂಧವಿಲ್ಲ" ಅಂತ ಬರೆದುಬಿಡುತ್ತಾರೆ. ಎತ್ತರಕ್ಕೂ ಸಮಯಕ್ಕೂ ಗ್ರಾಫ್ ಹಾಕಿಸಿ, ಶುರುವಿನ ಇಳಿಜಾರನ್ನು ಹೋಲಿಸಲಿ. ಮರುದಿನದ ಅಳತೆಯೂ ಇರಲಿ, ಅದು ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ಪುಕ್ಕಟೆ ಹೇಳುತ್ತದೆ. ಎರಡು ಪೀರಿಯಡ್ ಜೊತೆಯಾಗಿ ಸಿಗುವ ದಿನ ನೋಡಿಕೊಳ್ಳಿ.

ಇನ್ನು ಓದುವ ರೀತಿ. ಟ್ಯೂಬ್ ಇಳಿಸಿದ ಕೂಡಲೇ ಒಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಅದೇ ಸೊನ್ನೆ. ಕಣ್ಣು ಮಟ್ಟಕ್ಕೆ ನೇರವಾಗಿರಲಿ. ಹತ್ತಿಯ ಟ್ಯೂಬಿನಲ್ಲಿ ನೀರು ಎಷ್ಟು ಏರಿತೋ ಇಳಿಯಿತೋ, ಅಷ್ಟನ್ನು ಉಳಿದವುಗಳಲ್ಲಿ ಸರಿಪಡಿಸಿಕೊಳ್ಳಲಿ.

ಬಿಸಿ ನೀರಿನ ಹಟದ ಗುಂಪುಗಳಿಗೆ ಈ ಟ್ಯೂಬ್ ಬೇಡ. ಗಾಳಿ ಹಿಗ್ಗಿ ಅಳತೆಯೆಲ್ಲ ಕೆಡುತ್ತದೆ. ಅವರಿಗೆ ಉಕ್ಕಿನ ಪಟ್ಟಿ ಮತ್ತು ಚೌಕದ ಹಾಳೆ ಕೊಡಿ. ಒಂದು ತಣ್ಣಗೆ, ಒಂದು ಕೋಣೆಯ ಬಿಸಿಯಲ್ಲಿ, ಒಂದು 50 ಡಿಗ್ರಿಯ ಹತ್ತಿರ. ಅರ್ಧ ಗಂಟೆಗೊಮ್ಮೆ ಮನೆ ಎಣಿಸಲಿ. ಅಲ್ಲೂ ಇದೇ ಎಳೆದಾಟ ಇದೆ. ಬಿಸಿ ಏರಿದರೆ ಕ್ರಿಯೆ ವೇಗ, ಆದರೆ ನೀರಿನಿಂದ ಆಮ್ಲಜನಕ ಹೊರಟು ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಸುಮಾರು 80 ಡಿಗ್ರಿಯ ತನಕ ತುಕ್ಕು ಏರಿ ಆಮೇಲೆ ಇಳಿಯುತ್ತದೆ. ಮಕ್ಕಳ ಕೈಯಲ್ಲಿ ಅಷ್ಟು ಬಿಸಿ ಬೇಡ, 50 ಸಾಕು.

---

ಅಳತೆಗೋಲು

ಒಂದು ಸಣ್ಣ ಸೇರ್ಪಡೆ. ಎಂಟು ಗುಂಪುಗಳ ಸರಾಸರಿ ಮಾತ್ರ ಬೋರ್ಡಿನ ಮೇಲೆ ಬರೆಯಬೇಡಿ. ಎಂಟೂ ಚುಕ್ಕೆಗಳನ್ನು ಹಾಕಿಸಿ. 10 ಮತ್ತು 20 ಗ್ರಾಮಿನ ಚುಕ್ಕೆಗಳು ಒಂದರ ಮೇಲೊಂದು ಬಿದ್ದರೆ ಆ ಎರಡರ ನಡುವೆ ಯಾರು ಮುಂದೆ ಅಂತ ತೀರ್ಪು ಕೊಡುವ ಹಾಗಿಲ್ಲ. ಒಂದು ಗುಂಪಿನ ಚುಕ್ಕೆ ಎಲ್ಲೋ ದೂರ ಬಿದ್ದರೆ ಅಳಿಸಬೇಡಿ, ವುಲ್ ಹೇಗೆ ಹಿಂಡಿದಿರಿ, ಎಷ್ಟು ಜಾಲಿಸಿದಿರಿ ಅಂತ ಅವರನ್ನೇ ಕೇಳಿ.

---

ಎಂಟನೇ ಕ್ಲಾಸಿನ ಮಿಸ್

10 ಗ್ರಾಂ ಸೇರಿಸಿದೆ. ಈಗ ಗುಂಪಿಗೆ ಆರು ಟ್ಯೂಬ್, ಒಟ್ಟು 48. ಟ್ಯೂಬ್ ಸಾಲುತ್ತವೆ, ಸ್ಟ್ಯಾಂಡ್ ಸಾಲುವುದಿಲ್ಲ. ಒಂದೇ ಬೀಕರ್‌ನಲ್ಲಿ ಮೂರು ಟ್ಯೂಬ್ ನಿಲ್ಲಿಸಿದರೆ ತೊಂದರೆ ಇದೆಯಾ?

---

ಉಪ್ಪುಮಂಜು

ಏನೂ ತೊಂದರೆ ಇಲ್ಲ. ಬೀಕರ್‌ನಲ್ಲಿರುವುದು ಬರೀ ನೀರು, ವುಲ್ ಮೇಲೆ ತಳದಲ್ಲಿ ಸಿಕ್ಕಿಕೊಂಡಿದೆ. ವುಲ್ಲನ್ನು ಚೆನ್ನಾಗಿ ಹಿಂಡಿರಲಿ, ಇಲ್ಲದಿದ್ದರೆ ಉಪ್ಪು ನೀರು ಇಳಿದುಹೋಗುತ್ತದೆ. ಮೂರನ್ನೂ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿದರೆ ವಾಲುವುದಿಲ್ಲ. ಅಕ್ಷರಗಳು ಹೊರಗಡೆಗೆ ಕಾಣುವ ಹಾಗೆ ಕಟ್ಟಿ.